ಕಬ್ಬಿಣ ಅಳೆಯೋಕೆ ಇಲಿ ಯಾಕೆ ಬೇಕು?

ಪ್ರಶ್ನೆ: ನಾನು ಡಿ.ಎಂ.ಎಲ್.ಟಿ. ಮುಗಿಸಿ ಶ್ರೀನಿವಾಸಪುರದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೂರು ತಿಂಗಳಿಂದ ನಮ್ಮಲ್ಲೂ ಫೆರಿಟಿನ್ ಎಲೈಸಾ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಅಂದಾಜು ಮಾಡುವ ರಕ್ತದ ಟೆಸ್ಟು) ಮಾಡುತ್ತಿದ್ದೇವೆ. ಹೋದ ವಾರ 34 ವರ್ಷದ ಒಬ್ಬ ಮಹಿಳೆಗೆ 22 ಬಂತು. ಅವರು ಬೆಂಗಳೂರಿಗೆ ಹೋದಾಗ ಅಲ್ಲಿ ಮಾಡಿಸಿದರೆ 31. ಹಿಮೋಗ್ಲೋಬಿನ್ ಎರಡೂ ಕಡೆ 10.2. ಈಗ ಅವರ ಮನೆಯವರು ಬಂದು ‘ನಿಮ್ಮ ಮಿಷನ್ ಸರಿಯಿಲ್ಲ’ ಅಂತ ಜಗಳ ತೆಗೆದಿದ್ದಾರೆ. ಕಿಟ್ ಜೊತೆಗಿನ ಕಾಗದ ಓದಿದೆ. ‘ಇಲಿಯ ಮೊನೊಕ್ಲೋನಲ್ ಆಂಟಿಬಾಡಿ’ ಅಂತಿದೆ. ಕಬ್ಬಿಣ ಅಳೆಯೋಕೆ ಇಲಿ ಯಾಕೆ ಬೇಕು ಸರ್? ಆಂಟಿಬಾಡಿ ಅಂದ್ರೆ ಕಾಯಿಲೆ ಬಂದಾಗ ನಮ್ಮ ಮೈಯಲ್ಲಿ ಹುಟ್ಟೋದಲ್ವಾ? ಇನ್ನೊಂದು ವಿಷಯ. ಒಬ್ಬ ರೆಪ್ ಬಂದು, ಇದೇ ಆಂಟಿಬಾಡಿಯ ಬಾಟಲಿ ಬೇರೆಯಾಗಿ ಸಿಗುತ್ತೆ, ಪ್ಲೇಟ್ ನೀವೇ ಮಾಡ್ಕೊಂಡ್ರೆ ಖರ್ಚು ಕಾಲು ಭಾಗಕ್ಕೆ ಇಳಿಯುತ್ತೆ ಅಂತಿದ್ದಾನೆ. ತಗೋಬಹುದಾ?

ಉತ್ತರ: ಮೊದಲು ಜಗಳದ ವಿಷಯ ಮುಗಿಸೋಣ. ನಾಳೆ ಬೆಳಿಗ್ಗೆ ಅವರು ಮತ್ತೆ ಬಾಗಿಲಿಗೆ ಬರಬಹುದು. ಆ ದಿನ ನಿಮ್ಮ ಕಂಟ್ರೋಲ್ (ಅಂಕಿ ಮೊದಲೇ ಗೊತ್ತಿರುವ ಮಾದರಿ) ಸರಿಯಾಗಿ ಬಂದಿದ್ದರೆ ನಿಮ್ಮ ಮಿಷನ್ ಕೆಟ್ಟಿಲ್ಲ. ಬೆಂಗಳೂರಿನದೂ ಕೆಟ್ಟಿಲ್ಲ. ಇಬ್ಬರೂ ಒಂದೇ ರಾಗಿಯನ್ನು ಅಳೆದಿದ್ದೀರಿ, ಸೇರು ಮಾತ್ರ ಬೇರೆ. ಆ ಸೇರು ಯಾವುದು ಅಂದ್ರೆ ನೀವು ಕೇಳಿರುವ ಆಂಟಿಬಾಡಿಯೇ. ಹಾಗಾಗಿ ನಿಮ್ಮ ಮೂರು ಪ್ರಶ್ನೆಗೂ ಉತ್ತರ ಒಂದೇ ಜಾಗದಲ್ಲಿದೆ.

ಹಗೇವು ಅನ್ನೋ ಮಾತು ನಿಮ್ಮ ವಯಸ್ಸಿನವರು ಕೇಳಿರಲಿಕ್ಕಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ. ನಮ್ಮ ಕಡೆ ಹಿಂದೆ ನೆಲದಲ್ಲಿ ಆಳವಾದ ಗುಂಡಿ ತೋಡಿ, ಸುಗ್ಗಿ ಮುಗಿದ ಮೇಲೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ದಿನದ ಮುದ್ದೆಗೆ ಬೇಕಾದ ಹಿಟ್ಟು ಅಡುಗೆಮನೆಯ ಡಬ್ಬದಲ್ಲಿ, ಬರಗಾಲಕ್ಕೆ ಬೇಕಾದ ರಾಗಿ ಹಗೇವಿನಲ್ಲಿ. ನಮ್ಮ ಮೈಯೂ ಕಬ್ಬಿಣವನ್ನು ಹೀಗೇ ಇಟ್ಟುಕೊಂಡಿದೆ. ಹಿಮೋಗ್ಲೋಬಿನ್ ಅಡುಗೆಮನೆಯ ಡಬ್ಬ. ಫೆರಿಟಿನ್ ಹಗೇವು. ದೊಡ್ಡವರ ಮೈಯಲ್ಲಿ ಒಟ್ಟು ಮೂರು ನಾಲ್ಕು ಗ್ರಾಂ ಕಬ್ಬಿಣ ಇದ್ದರೆ ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಲಿವರ್, ಗುಲ್ಮ, ಮೂಳೆಮಜ್ಜೆಯ ಹಗೇವುಗಳಲ್ಲಿ.

ಡಬ್ಬದಲ್ಲಿ ಹಿಟ್ಟು ಕಡಿಮೆಯಾಗುವ ಎಷ್ಟೋ ದಿನ ಮೊದಲೇ ಹಗೇವು ಖಾಲಿಯಾಗಿರುತ್ತದೆ, ಅಲ್ವಾ? ಅದಕ್ಕೇ ಹಿಮೋಗ್ಲೋಬಿನ್ ಚೆನ್ನಾಗಿರುವವರಲ್ಲೂ ಡಾಕ್ಟರು ಫೆರಿಟಿನ್ ಬರೆಯುವುದು.

ಈ ಫೆರಿಟಿನ್ ಅನ್ನೋದು ನೋಡೋಕೆ ಬಲು ಚೆಂದದ ಪ್ರೋಟೀನು. 24 ಸಣ್ಣ ತುಂಡುಗಳು ಸೇರಿ ಒಂದು ಟೊಳ್ಳು ಚೆಂಡು. ಹೊರಗಿನ ಅಳತೆ ಸುಮಾರು 12 ನ್ಯಾನೋಮೀಟರ್, ಒಳಗಿನ ಖಾಲಿ ಜಾಗ ಸುಮಾರು 8. ಆ ಜಾಗದಲ್ಲಿ 4,500ರವರೆಗೆ ಕಬ್ಬಿಣದ ಪರಮಾಣುಗಳನ್ನು ತುರುಕಬಹುದು. ತುಂಡುಗಳಲ್ಲಿ ಎರಡು ಜಾತಿ: ‘ಎಚ್’ ಮತ್ತು ‘ಎಲ್’. ಕಬ್ಬಿಣವನ್ನು ಒಳಗೆ ಇಡುವ ರೂಪಕ್ಕೆ ಬದಲಾಯಿಸುವುದು ಎಚ್ ಕೆಲಸ, ಒಳಗೆ ಅಚ್ಚುಕಟ್ಟಾಗಿ ಗಟ್ಟಿ ಮಾಡಿಸುವುದು ಎಲ್ ಕೆಲಸ. ಹೃದಯದ ಫೆರಿಟಿನ್‌ನಲ್ಲಿ ಎಚ್ ಜಾಸ್ತಿ. ಲಿವರ್ ಮತ್ತು ಗುಲ್ಮದಲ್ಲಿ ಎಲ್ ಜಾಸ್ತಿ. ರಕ್ತದಲ್ಲಿ ಓಡಾಡುವ ಫೆರಿಟಿನ್ ಬಹುಪಾಲು ಎಲ್. ಈ ಎಚ್, ಎಲ್ ವ್ಯತ್ಯಾಸ ನೆನಪಿನಲ್ಲಿಡಿ. ನಿಮ್ಮ 22, 31ರ ಜಗಳದಲ್ಲಿ ಅದರದ್ದೂ ಪಾಲಿದೆ.

ಈಗ ಮುಖ್ಯ ಮಾತು. ಹಗೇವು ಇರುವುದು ಲಿವರಿನೊಳಗೆ. ನೀವು ಚುಚ್ಚುವುದು ಮೊಣಕೈ ರಕ್ತನಾಳಕ್ಕೆ. ರಕ್ತಕ್ಕೆ ಬರುವುದು ಹಗೇವಿನಿಂದ ಹೊರಗೆ ಬಿದ್ದ ಚೂರುಪಾರು ಮಾತ್ರ, ಅದೂ ಹೆಚ್ಚುಕಡಿಮೆ ಖಾಲಿ ಚೆಂಡು. ಅದರೊಳಗೆ ಕಬ್ಬಿಣ ಬಹಳ ಕಡಿಮೆ. ನಿಮ್ಮ ಕಿಟ್‌ನ ಆಂಟಿಬಾಡಿ ಹಿಡಿಯುವುದು ಆ ಚೆಂಡಿನ ಹೊರಗೋಡೆಯನ್ನು. ಒಳಗೆ 4,000 ಪರಮಾಣು ಇದ್ದರೂ ಅದಕ್ಕೆ ಒಂದೇ, ಖಾಲಿ ಇದ್ದರೂ ಒಂದೇ. ಫೆರಿಟಿನ್ ಟೆಸ್ಟು ಕಬ್ಬಿಣವನ್ನು ನೋಡುವುದೇ ಇಲ್ಲ. ಗುಂಡಿಯ ಗೋಡೆಯನ್ನು ಲೆಕ್ಕ ಹಾಕಿ ರಾಗಿ ಎಷ್ಟಿದೆ ಅಂತ ಅಂದಾಜು ಮಾಡುತ್ತದೆ, ಅಷ್ಟೇ. ‘ಕಬ್ಬಿಣ ಅಳೆಯೋಕೆ ಇಲಿ ಯಾಕೆ’ ಅಂತ ಕೇಳಿದಿರಿ. ಕಬ್ಬಿಣ ಅಳೆಯೋಕೆ ಇಲಿ ಬೇಡ, ಗೋಡೆ ಗುರುತಿಸೋಕೆ ಬೇಕು.

ಹಾಗಾದರೆ ಕಬ್ಬಿಣವನ್ನೇ ನೇರವಾಗಿ ಅಳೆಯಬಾರದಾ? ಅಳೆಯಬಹುದು. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಐರನ್ ಟೆಸ್ಟು ಅದೇ, ಬಣ್ಣ ಬರುವ ಒಂದು ರಾಸಾಯನಿಕ ಹಾಕಿದರೆ ಸಾಕು, ಇಲಿಯ ಸಹವಾಸವೇ ಇಲ್ಲ. ಆದರೆ ಅದು ಬೆಳಿಗ್ಗೆ ಒಂದು, ಸಂಜೆ ಒಂದು. ಮಾತ್ರೆ ನುಂಗಿ ಬಂದರೆ ಇನ್ನೊಂದು. ದಾರಿಯಲ್ಲಿ ಹೋಗುವ ಗಾಡಿಯಲ್ಲಿ ಎಷ್ಟು ಮೂಟೆ ಇದೆ ಅಂತ ಎಣಿಸಿ ಹಗೇವಿನ ಲೆಕ್ಕ ಹೇಳಿದ ಹಾಗೆ. ಮೊದಲೆಲ್ಲ ಹಗೇವು ನೋಡಲೇಬೇಕು ಅಂದ್ರೆ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು, ಪರ್ಲ್ಸ್ ಬಣ್ಣ ಹಾಕಿ, ನೀಲಿ ಕಾಣುತ್ತದಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು. ಮ್ಯಾಕ್ಸ್ ಪರ್ಲ್ಸ್ ಅನ್ನೋ ಜರ್ಮನ್ ವೈದ್ಯ 1867ರಲ್ಲೇ ಹೇಳಿಕೊಟ್ಟ ಬಣ್ಣ ಅದು. ಇವತ್ತಿಗೂ ಬಳಕೆಯಲ್ಲಿದೆ. ಆದರೆ ಸುಸ್ತು ಅಂತ ಬಂದ ಪ್ರತಿ ಹೆಂಗಸಿನ ಮೂಳೆಗೂ ಸೂಜಿ ಹಾಕೋಕಾಗುತ್ತಾ?

ಫೆರಿಟಿನ್ ಮೊದಲು ಸಿಕ್ಕಿದ್ದು ಕುದುರೆಯ ಗುಲ್ಮದಲ್ಲಿ. 1937ರಲ್ಲಿ ಚೆಕ್ ವಿಜ್ಞಾನಿ ವಿಲೆಮ್ ಲಾಫ್‌ಬರ್ಗರ್ ಅದನ್ನು ಹರಳುಗಟ್ಟಿಸಿ ಹೆಸರಿಟ್ಟರು. ಅದು ಆರೋಗ್ಯವಂತರ ರಕ್ತದಲ್ಲೂ ಇದೆ, ಅಳೆಯಬಹುದು ಅಂತ ಗಟ್ಟಿಯಾಗಿ ತೋರಿಸೋಕೆ 35 ವರ್ಷ ಹಿಡಿಯಿತು. 1972ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಒಂದು ತಂಡ ಆಂಟಿಬಾಡಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ ಅಳೆದು ತೋರಿಸಿತು. ಇರುವುದು ಅಷ್ಟು ಕಡಿಮೆ. ನಿಮ್ಮ 22 ಅಂದ್ರೆ ಒಂದು ಲೀಟರ್ ಸೀರಮ್‌ನಲ್ಲಿ 22 ಮೈಕ್ರೋಗ್ರಾಂ. ಅದೇ ಲೀಟರಿನಲ್ಲಿ ಬೇರೆ ಪ್ರೋಟೀನುಗಳು 70 ಗ್ರಾಂ ಇರುತ್ತವೆ. ಮೂವತ್ತು ಲಕ್ಷ ಜನರ ಜಾತ್ರೆಯಲ್ಲಿ ಒಬ್ಬನನ್ನು ಹುಡುಕಿದ ಹಾಗೆ. ಆ ಹುಡುಕಾಟಕ್ಕೆ ಬೇಕಾಗಿದ್ದೇ ಆಂಟಿಬಾಡಿ. ಇಷ್ಟು ಸೂಕ್ಷ್ಮವಾಗಿ ಒಂದೇ ಮುಖವನ್ನು ಗುರುತಿಸುವ ಇನ್ನೊಂದು ಸಾಧನ ಆಗ ಇರಲಿಲ್ಲ.

ಇನ್ನು ಇಲಿಗೆ ಬರೋಣ. ಆಂಟಿಬಾಡಿ ಕಾಯಿಲೆ ಬಂದಾಗ ಹುಟ್ಟುತ್ತದೆ ಅಂತ ನೀವು ಹೇಳಿದ್ದು ಸರಿ. ಆದರೆ ಅದು ಕಾಯಿಲೆಗೆ ಹುಟ್ಟುವುದಲ್ಲ, ಪರಕೀಯವಾದದ್ದಕ್ಕೆ ಹುಟ್ಟುತ್ತದೆ. ಮನುಷ್ಯರ ಫೆರಿಟಿನ್ ನಮಗೆ ಮನೆಯದ್ದು, ಇಲಿಗೆ ಅದು ಹೊರಗಿನದು. ಶುದ್ಧ ಮಾಡಿದ ಮನುಷ್ಯರ ಫೆರಿಟಿನ್ನನ್ನು ಇಲಿಗೆ ಚುಚ್ಚಿದರೆ ಅದರ ಮೈ ‘ಇದ್ಯಾರೋ ಬೇರೆ’ ಅಂತ ಆಂಟಿಬಾಡಿ ಮಾಡುತ್ತದೆ. ಆ ಆಂಟಿಬಾಡಿ ನಮಗೆ ಕೆಲಸಕ್ಕೆ ಬರುತ್ತದೆ. ಮೊಲಕ್ಕೆ ಅಥವಾ ಆಡಿಗೆ ಚುಚ್ಚಿ ರಕ್ತದಿಂದ ತೆಗೆದರೆ ಹತ್ತಾರು ಥರದ ಆಂಟಿಬಾಡಿಗಳ ಮಿಶ್ರಣ ಸಿಗುತ್ತದೆ. ಅದಕ್ಕೆ ಪಾಲಿಕ್ಲೋನಲ್ ಅಂತ ಹೆಸರು. ತೊಂದರೆ ಏನಂದ್ರೆ ಆ ಪ್ರಾಣಿ ಸತ್ತರೆ ಆ ಮಿಶ್ರಣ ಮತ್ತೆ ಸಿಗುವುದಿಲ್ಲ. ಮುಂದಿನ ಮೊಲದ್ದು ಬೇರೆ ಹದ.

ಇದಕ್ಕೆ ದಾರಿ ಸಿಕ್ಕಿದ್ದು 1975ರಲ್ಲಿ, ಕೇಂಬ್ರಿಡ್ಜ್‌ನಲ್ಲಿ. ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಆಂಟಿಬಾಡಿ ಮಾಡುವ ಇಲಿಯ ಗುಲ್ಮದ ಜೀವಕೋಶವನ್ನು, ಸಾಯದೇ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಜೀವಕೋಶದ ಜೊತೆ ಬೆಸೆದರು. ಹುಟ್ಟಿದ ಮರಿಗೆ ಅಪ್ಪನ ಆಯಸ್ಸು, ಅಮ್ಮನ ಕಸುಬು. ಒಂದೊಂದು ಕೋಶವನ್ನೂ ಬೇರೆ ಬೇರೆ ಬೆಳೆಸಿದರೆ, ಒಂದೊಂದರಿಂದ ಒಂದೇ ಥರದ ಆಂಟಿಬಾಡಿ. ಅದೇ ಮೊನೊಕ್ಲೋನಲ್. 1984ರಲ್ಲಿ ನೀಲ್ಸ್ ಯೆರ್ನೆ ಜೊತೆ ಇಬ್ಬರಿಗೂ ನೊಬೆಲ್ ಬಂತು. ಅವರು ಇದಕ್ಕೆ ಪೇಟೆಂಟ್ ಮಾಡಿಸಲೇ ಇಲ್ಲ. ನಿಮ್ಮ ಲ್ಯಾಬಿನ ಅರ್ಧ ಕಿಟ್‌ಗಳು ಈ ವಿದ್ಯೆಯ ಮೇಲೆ ನಡೆಯುತ್ತಿವೆ, ಪ್ರೆಗ್ನೆನ್ಸಿ ಕಾರ್ಡು ಕೂಡ.

ಒಬ್ಬ ಅಜ್ಜಿ ಒಮ್ಮೆ ನನ್ನನ್ನು ‘ಇಲಿ ರಕ್ತ ನನ್ ಮೈಗೆ ಹಾಕ್ತೀರೇನಪ್ಪ’ ಅಂತ ಕೇಳಿದ್ದರು. ನಿಮ್ಮನ್ನೂ ಯಾರಾದರೂ ಕೇಳಬಹುದು. ಹಾಕುವುದಿಲ್ಲ ಅಂತ ಹೇಳಿ. ರಕ್ತ ಅವರಿಂದ ಪ್ಲೇಟಿಗೆ ಹೋಗುತ್ತದೆ, ಪ್ಲೇಟಿನಿಂದ ಅವರಿಗೆ ಏನೂ ಬರುವುದಿಲ್ಲ. ಆ ಕೋಶಗಳು ಈಗ ಬೆಳೆಯುವುದು ಗಾಜು, ಪ್ಲಾಸ್ಟಿಕ್ ಪಾತ್ರೆಗಳಲ್ಲಿ. ಮೂಲದ ಇಲಿ ಯಾವತ್ತೋ ಹೋಗಿರುತ್ತದೆ.

ನಿಮ್ಮ ಪ್ಲೇಟಿನ ತಳದಲ್ಲಿ ಒಂದು ಆಂಟಿಬಾಡಿ ಮೊದಲೇ ಅಂಟಿಕೊಂಡಿರುತ್ತದೆ. ಸೀರಮ್ ಹಾಕಿದಾಗ ಅದು ಫೆರಿಟಿನ್ನನ್ನು ಹಿಡಿಯುತ್ತದೆ. ಉಳಿದದ್ದನ್ನು ತೊಳೆಯುತ್ತೀರಿ. ಆಮೇಲೆ ಕಿಣ್ವ ಅಂಟಿಸಿದ ಎರಡನೇ ಆಂಟಿಬಾಡಿ ಬಂದು ಫೆರಿಟಿನ್ನಿನ ಇನ್ನೊಂದು ಕಡೆ ಕೂರುತ್ತದೆ. ಕಿಣ್ವ ಸಬ್‌ಸ್ಟ್ರೇಟನ್ನು ನೀಲಿ ಮಾಡುತ್ತದೆ, ಸ್ಟಾಪ್ ಸಲ್ಯೂಶನ್ ಹಾಕಿದರೆ ಹಳದಿ, ರೀಡರ್ 450ರಲ್ಲಿ ಓದುತ್ತದೆ. ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದಿರಬಹುದಾದದ್ದು ಒಂದು ತಮಾಷೆ. ಸಾಮಾನ್ಯವಾಗಿ ಹೀಗೆ ಎರಡು ಕಡೆಯಿಂದ ಹಿಡಿಯೋಕೆ ಎರಡು ಬೇರೆ ಬೇರೆ ಆಂಟಿಬಾಡಿ ಬೇಕು, ಒಂದು ಕೂತ ಜಾಗದಲ್ಲಿ ಇನ್ನೊಂದು ಕೂರೋಕಾಗಲ್ಲ. ಫೆರಿಟಿನ್ ಮಾತ್ರ 24 ತುಂಡಿನ ಚೆಂಡು. ಅದೇ ಗುರುತು ಸುತ್ತಲೂ ಮತ್ತೆ ಮತ್ತೆ ಇದೆ. ಹಾಗಾಗಿ ಒಂದೇ ಆಂಟಿಬಾಡಿಯನ್ನು ಕೆಳಗೂ ಮೇಲೂ ಬಳಸಿ ಕಿಟ್ ಮಾಡಬಹುದು.

ಈಗ 22ಕ್ಕೂ 31ಕ್ಕೂ ಬರೋಣ. ಒಂದು ಕಂಪನಿಯ ಆಂಟಿಬಾಡಿ ಲಿವರಿನ ಫೆರಿಟಿನ್ ತೋರಿಸಿ ಬೆಳೆಸಿದ್ದು, ಇನ್ನೊಂದರದ್ದು ಗುಲ್ಮದ್ದು, ಮತ್ತೊಂದರದ್ದು ಬರೀ ಎಲ್ ತುಂಡು ತೋರಿಸಿ ಬೆಳೆಸಿದ್ದು ಆಗಿರಬಹುದು. ಒಂದು ಆಂಟಿಬಾಡಿಗೆ ಎಚ್ ಕೂಡ ಸ್ವಲ್ಪ ಕಾಣುತ್ತದೆ, ಇನ್ನೊಂದಕ್ಕೆ ಎಲ್ ಮಾತ್ರ. ಗೋಡೆ ಅದೇ, ಆದರೆ ಎಣಿಸುವ ಇಟ್ಟಿಗೆ ಬೇರೆ. ಇದರ ಮೇಲೆ ಸ್ಟ್ಯಾಂಡರ್ಡಿನ ವ್ಯತ್ಯಾಸ. ವಿಶ್ವ ಆರೋಗ್ಯ ಸಂಸ್ಥೆ ಅಳತೆಗೋಲು ಅಂತ ಕೊಡುವ ಫೆರಿಟಿನ್ ಮೊದಲು ಲಿವರಿನದು ಇತ್ತು, ಎರಡನೆಯದು ಗುಲ್ಮದ್ದು, ಮೂರನೆಯದು ಲ್ಯಾಬಿನಲ್ಲೇ ತಯಾರಿಸಿದ ಎಲ್ ಜಾತಿಯದು, 94/572 ಅನ್ನೋ ಸಂಖ್ಯೆಯದು. ಯಾವ ಕಿಟ್ ಯಾವುದಕ್ಕೆ ಹೊಂದಿಸಿದೆಯೋ ಅದರ ಮೇಲೆ ಅಂಕಿ ಸ್ವಲ್ಪ ಮೇಲೆ ಕೆಳಗೆ. ಕೈಯಲ್ಲಿ ಮಾಡುವ ಎಲೈಸಾದಲ್ಲಿ ಹತ್ತು ಪರ್ಸೆಂಟ್ ಆಚೀಚೆ ಆಗುವುದು ಮಾಮೂಲು. ಜೊತೆಗೆ ಅವರ ರಕ್ತವೇ ದಿನದಿಂದ ದಿನಕ್ಕೆ ಕೊಂಚ ಬದಲಾಗುತ್ತದೆ. ಎಲ್ಲ ಸೇರಿದರೆ 22, 31 ಆಗುವುದು ದೊಡ್ಡ ವಿಷಯವೇ ಅಲ್ಲ.

ಇದನ್ನು ಕಬ್ಬಿಣದ ಲೆಕ್ಕದಲ್ಲಿ ಹೇಳಿದರೆ ಮನೆಯವರಿಗೂ ಅರ್ಥವಾಗುತ್ತದೆ. ರಕ್ತದಲ್ಲಿನ ಒಂದು ಮೈಕ್ರೋಗ್ರಾಂಗೆ ಹಗೇವಿನಲ್ಲಿ ಸುಮಾರು 8 ಮಿಲಿಗ್ರಾಂ ಕಬ್ಬಿಣ ಅಂತ ಒಂದು ಹಳೆಯ ಅಂದಾಜಿದೆ. ಒರಟು ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. ನಿಮ್ಮ ಪ್ರಕಾರ 176 ಮಿಲಿಗ್ರಾಂ. ಬೆಂಗಳೂರಿನ ಪ್ರಕಾರ 248. ಒಂದು ಬಾಟಲಿ ರಕ್ತ ದಾನ ಮಾಡಿದರೆ ಹೋಗುವ ಕಬ್ಬಿಣವೇ 200ರಿಂದ 250 ಮಿಲಿಗ್ರಾಂ. ಅಂದ್ರೆ ಯಾರ ಲೆಕ್ಕ ಹಿಡಿದರೂ ಆ ತಾಯಿಯ ಹಗೇವಿನಲ್ಲಿ ಒಂದು ಬಾಟಲಿ ರಕ್ತಕ್ಕಾಗುವುದಕ್ಕಿಂತ ಹೆಚ್ಚಿನ ರಾಗಿ ಇಲ್ಲ. ತಳ ಕಾಣುತ್ತಿದೆ. ತಳದಲ್ಲಿ ಎಷ್ಟು ಹಿಡಿ ಅಂತ ಜಗಳ ಆಡಿ ಪ್ರಯೋಜನವಿಲ್ಲ.

ಆದರೆ ಇಷ್ಟಕ್ಕೆ ನಿಲ್ಲಿಸಿದರೆ ನಿಮಗೂ ಮೋಸ, ಅವರಿಗೂ ಮೋಸ. ಗೋಡೆ ಲೆಕ್ಕದ ದೊಡ್ಡ ಅಪಾಯ ಇರುವುದು ಬೇರೆ ಕಡೆ. ಹಿಂದೆ ದಂಡು ಬರುತ್ತದೆ, ಲೂಟಿಯವರು ಬರುತ್ತಾರೆ ಅಂದ್ರೆ ಊರಿನವರು ರಾಗಿಯನ್ನು ಹಗೇವಿಗೆ ಇಳಿಸಿ ಬಾಯಿ ಮುಚ್ಚಿ ಮೇಲೆ ದನ ಕಟ್ಟುತ್ತಿದ್ದರಂತೆ. ಮೈಗೆ ಸೋಂಕು ತಗುಲಿದಾಗಲೂ ಇದೇ ನಡೆಯುತ್ತದೆ. ರೋಗಾಣುಗಳಿಗೂ ಬದುಕೋಕೆ ಕಬ್ಬಿಣ ಬೇಕು. ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನು ಬಿಟ್ಟು ಕಬ್ಬಿಣ ಹೊರಗೆ ಹೋಗುವ ಬಾಗಿಲು ಹಾಕಿಸುತ್ತದೆ. ಫೆರಿಟಿನ್ ಗೋಡೆಗಳು ಜಾಸ್ತಿಯಾಗುತ್ತವೆ, ರಕ್ತಕ್ಕೂ ಜಾಸ್ತಿ ಬರುತ್ತವೆ. ಆಂಟಿಬಾಡಿ ಗೋಡೆ ಎಣಿಸಿ ‘ಹಗೇವು ತುಂಬಿದೆ’ ಅಂತ ಹೇಳುತ್ತದೆ. ಒಳಗೆ ರಾಗಿ ಇಲ್ಲದೆಯೂ. ಜ್ವರ, ಕೀಲುವಾತ, ಲಿವರ್ ತೊಂದರೆ, ಕಿಡ್ನಿ ತೊಂದರೆ, ಎಲ್ಲದರಲ್ಲೂ ಹೀಗೇ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎರಡು ಗೆರೆ ಹಾಕಿದೆ. ಆರೋಗ್ಯವಾಗಿರುವ ದೊಡ್ಡವರಿಗೆ 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ. ಸೋಂಕು ಅಥವಾ ಉರಿಯೂತ ಇದ್ದವರಿಗೆ 70ಕ್ಕಿಂತ ಕಡಿಮೆ ಇದ್ದರೇ ಕೊರತೆ. ಐದು ವರ್ಷದೊಳಗಿನ ಮಕ್ಕಳಿಗೆ ಈ ಗೆರೆಗಳು 12 ಮತ್ತು 30. ಎಷ್ಟೋ ಡಾಕ್ಟರುಗಳು ಯಾರಿಗೇ ಆಗಲಿ 30 ಅಂತ ಇಟ್ಟುಕೊಳ್ಳುತ್ತಾರೆ, ನನಗೂ ಅದು ತಪ್ಪು ಅನ್ನಿಸುವುದಿಲ್ಲ. ಈಗ ನಿಮ್ಮ ಅಂಕಿಗಳನ್ನು ಇಟ್ಟು ನೋಡಿ. 22 ಮತ್ತು 31, ಎರಡೂ 15ಕ್ಕಿಂತ ಮೇಲಿವೆ, ಎರಡೂ 70ಕ್ಕಿಂತ ಕೆಳಗಿವೆ. ಯಾವ ಗೆರೆ ಹಿಡಿಯಬೇಕು ಅನ್ನೋದನ್ನು ಮೂರನೇ ಲ್ಯಾಬಿನ ಫೆರಿಟಿನ್ ಹೇಳುವುದಿಲ್ಲ. ಸಿ.ಆರ್.ಪಿ. (ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ರಕ್ತದ ಟೆಸ್ಟು) ಹೇಳುತ್ತದೆ. ಆ ಟೆಸ್ಟು ನಿಮ್ಮಲ್ಲೇ ಆಗುತ್ತದೆ, ಖರ್ಚೂ ಕಡಿಮೆ. ಸಿ.ಆರ್.ಪಿ. ಏರಿದ್ದರೆ, ಹಿಮೋಗ್ಲೋಬಿನ್ 10.2 ಜೊತೆ, ಇದು ಕಬ್ಬಿಣದ ಕೊರತೆ ಅಂತ ಡಾಕ್ಟರು ಧೈರ್ಯವಾಗಿ ಹೇಳಬಹುದು. ಸಹಜವಾಗಿದ್ದರೆ ಅವರು ಎಂ.ಸಿ.ವಿ. (ಕೆಂಪು ಕಣದ ಗಾತ್ರ), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಅನ್ನೋ ಲೆಕ್ಕ), ಬಿ12 ನೋಡಬೇಕಾಗುತ್ತದೆ. ಕೆಂಪು ಕಣ ಸಣ್ಣದಾಗಿದ್ದು ಫೆರಿಟಿನ್ ಚೆನ್ನಾಗಿದ್ದರೆ ಥಲಸೀಮಿಯಾ ಟ್ರೇಟ್ (ಹುಟ್ಟಿನಿಂದಲೇ ಬರುವ ಹಿಮೋಗ್ಲೋಬಿನ್ ದೋಷ) ಇದೆಯಾ ಅಂತಲೂ ನೋಡುತ್ತಾರೆ. ಅಂಥವರಿಗೆ ಸುಮ್ನೆ ಕಬ್ಬಿಣದ ಮಾತ್ರೆ ತುಂಬಿ ಪ್ರಯೋಜನವಿಲ್ಲ. ಇದು ನಿಮ್ಮ ಕೆಲಸವಲ್ಲ, ಡಾಕ್ಟರ ಕೆಲಸ. ಆದರೆ ‘ಜೊತೆಗೆ ಸಿ.ಆರ್.ಪಿ. ನೋಡುವುದು ಒಳ್ಳೆಯದು’ ಅಂತ ರಿಪೋರ್ಟಿನ ಕೆಳಗೆ ಒಂದು ಸಾಲು ಬರೆಯೋದನ್ನು ಯಾರೂ ಬೇಡ ಅನ್ನಲ್ಲ.

ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಜನರಿಗೆ ರಕ್ತ ಕಡಿಮೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ‘ದಿನಾ ಮುದ್ದೆ, ಸೊಪ್ಪಿನ ಸಾರು ತಿಂತೀವಲ್ಲ, ರಕ್ತ ಯಾಕೆ ಕಡಿಮೆ’ ಅಂತ ನಿಮ್ಮನ್ನೂ ಕೇಳುತ್ತಿರುತ್ತಾರೆ. ರಾಗಿಯಲ್ಲಿ ಕಬ್ಬಿಣ ಇದೆ, ಆದರೆ ಅದರ ಜೊತೆಗಿರುವ ಫೈಟೇಟು, ಟ್ಯಾನಿನ್ನು ಅದನ್ನು ಹೀರೋಕೆ ಬಿಡುವುದಿಲ್ಲ. ಊಟ ಆದ ತಕ್ಷಣ ಕುಡಿಯುವ ಟೀ ಇನ್ನೂ ಕೆಡಿಸುತ್ತದೆ. ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಸ್ವಲ್ಪ ವಾಸಿ. ಅದು ಬೇರೆಯೇ ಕಥೆ, ಇಲ್ಲಿ ಬೆಳೆಸುವುದಿಲ್ಲ.

ರೆಪ್ ಹೇಳಿದ ಬಾಟಲಿಯ ವಿಷಯ. ಬೇಡ. ಯಾಕೆ ಬೇಡ ಅನ್ನೋದನ್ನು ಮಾತ್ರ ನೀವು ಚೆನ್ನಾಗಿ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು ಇನ್ನೊಬ್ಬ ಬಂದು ಒಪ್ಪಿಸಿಬಿಡುತ್ತಾನೆ.

ಆ ಬಾಟಲಿಯ ಮೇಲೆ ‘ಸಂಶೋಧನೆಗೆ ಮಾತ್ರ’ ಅಂತ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಅದನ್ನು ಅವನು ಓದಿ ಹೇಳಿರುವುದಿಲ್ಲ. ಜೊತೆಗಿನ ಕಾಗದದಲ್ಲಿ ಯಾವ ಪ್ರಾಣಿಯದು, ಕ್ಲೋನ್ ನಂಬರ್ ಎಷ್ಟು, ಎಚ್‌ಗೋ ಎಲ್‌ಗೋ, ಯಾವ ಕೆಲಸಕ್ಕೆ ಪರೀಕ್ಷೆ ಮಾಡಿದೆ ಅಂತ ಇರುತ್ತದೆ. ಆ ಕೊನೆಯದೇ ಮುಖ್ಯ. ‘ವೆಸ್ಟರ್ನ್ ಬ್ಲಾಟ್‌ಗೆ ಆಗುತ್ತದೆ’ ಅಂತ ಇದ್ದರೆ ಏನರ್ಥ? ವೆಸ್ಟರ್ನ್ ಬ್ಲಾಟಿನಲ್ಲಿ ಪ್ರೋಟೀನನ್ನು ಸೋಪಿನಂಥ ದ್ರವದಲ್ಲಿ ಕುದಿಸಿ ಬಿಡಿಸುತ್ತಾರೆ. 24 ತುಂಡಿನ ಚೆಂಡು ಒಡೆದು ಒಂದೊಂದು ತುಂಡೂ ನೇರವಾದ ದಾರದಂತೆ ಆಗುತ್ತದೆ. ಜೆಲ್ ಮೇಲೆ ಎಚ್ ಸುಮಾರು 21, ಎಲ್ ಸುಮಾರು 19 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಗೆರೆಯಾಗಿ ನಿಲ್ಲುತ್ತವೆ. ಆ ಬಿಚ್ಚಿದ ದಾರವನ್ನು ಹಿಡಿಯುವ ಆಂಟಿಬಾಡಿ, ರಕ್ತದಲ್ಲಿ ಮಡಚಿಕೊಂಡು ಚೆಂಡಾಗಿರುವುದನ್ನು ಹಿಡಿಯಬೇಕು ಅಂತ ಏನಿಲ್ಲ. ಅದು ಗುರುತಿಸುವ ಜಾಗ ಚೆಂಡಿನ ಒಳಮಗ್ಗುಲಲ್ಲಿ ಸಿಕ್ಕಿಕೊಂಡಿರಬಹುದು. ಬಿಚ್ಚಿದ ಸೀರೆಯ ಸೆರಗು ನೋಡಿ ಗುರುತು ಹಿಡಿಯುವವಳಿಗೆ, ಮಡಚಿ ಬೀರುವಿನಲ್ಲಿಟ್ಟ ಸೀರೆ ಯಾವುದು ಅಂತ ಗೊತ್ತಾಗುತ್ತಾ? ಅಂಗಾಂಶದ ತುಣುಕಿಗೆ ಬಣ್ಣ ಹಾಕೋಕೆ ಮಾಡಿದ ಆಂಟಿಬಾಡಿಯದ್ದೂ ಇದೇ ಕಥೆ. ಫಾರ್ಮಲಿನ್‌ನಲ್ಲಿಟ್ಟ ಮೇಲೆ ಪ್ರೋಟೀನಿನ ಮುಖವೇ ಬದಲಾಗಿರುತ್ತದೆ.

ಆಂಟಿಬಾಡಿ ಸರಿಯಾಗಿ ಹಿಡಿದರೂ ಉಳಿದದ್ದು ಯಾರು ಮಾಡುತ್ತಾರೆ? ಎಷ್ಟು ಅಂಟಿಸಬೇಕು, ಎಷ್ಟು ಹೊತ್ತು ಇಡಬೇಕು, ಸ್ಟ್ಯಾಂಡರ್ಡ್ ಎಲ್ಲಿಂದ ತರಬೇಕು, ಅದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿಗೆ ಹೊಂದುತ್ತದಾ? ಕಿಟ್‌ನ ದುಡ್ಡಿನಲ್ಲಿ ಬಹುಪಾಲು ಹೋಗುವುದು ಈ ಕೆಲಸಕ್ಕೇ. ಜೊತೆಗೆ ರೋಗಿಯ ರಿಪೋರ್ಟಿಗೆ ಬಳಸುವ ಕಿಟ್‌ಗಳು 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತವೆ. ಬಾಟಲಿ ತಂದು ಪ್ಲೇಟ್ ಮಾಡಿ ರಿಪೋರ್ಟ್ ಕೊಟ್ಟರೆ, ನಾಳೆ ಏನಾದರೂ ಆದಾಗ ರೆಪ್ ಫೋನ್ ಎತ್ತುವುದಿಲ್ಲ. ಎಂ.ಎಸ್‌ಸಿ. ಮಾಡುವ ಆಸೆ ಇದ್ದರೆ, ಪ್ರಾಜೆಕ್ಟಿಗೆ ಅಂತ ಅದೇ ಬಾಟಲಿ ತಗೊಂಡು ಆಟ ಆಡಿ, ನಾನೇ ಬೆನ್ನು ತಟ್ಟುತ್ತೇನೆ. ಆಂಟಿಬಾಡಿ ಜೊತೆ ಫೆರಿಟಿನ್ನಿನ ನಂಟು ತಿರುವುಮುರುವೂ ಆಗಿದೆ ಗೊತ್ತಾ? 1959ರಲ್ಲಿ ಎಸ್. ಜೆ. ಸಿಂಗರ್ ಅನ್ನುವವರು ಆಂಟಿಬಾಡಿಗೇ ಫೆರಿಟಿನ್ ಅಂಟಿಸಿದರು. ಒಳಗಿನ ಕಬ್ಬಿಣದ ಉಂಡೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಪ್ಪು ಚುಕ್ಕಿಯಾಗಿ ಕಾಣುತ್ತದೆ, ಹಾಗಾಗಿ ಆಂಟಿಬಾಡಿ ಎಲ್ಲಿ ಕೂತಿದೆ ಅಂತ ಕಣ್ಣಿಗೇ ಕಂಡಿತು. ನಾವು ಆಂಟಿಬಾಡಿಯಿಂದ ಫೆರಿಟಿನ್ ಹುಡುಕುತ್ತೇವೆ, ಅವರು ಫೆರಿಟಿನ್‌ನಿಂದ ಆಂಟಿಬಾಡಿ ಹುಡುಕಿದರು.

ಇನ್ನು ನಾನು ಪೆಟ್ಟು ತಿಂದು ಕಲಿತ ಒಂದೆರಡು ಮಾತು. ಒಮ್ಮೆ ಮಾವಿನ ಕಾಲದಲ್ಲಿ, ಅಂದ್ರೆ ನಿಮ್ಮೂರಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಹೊತ್ತಿನಲ್ಲಿ, ಕಿಟ್ ಪಾರ್ಸೆಲ್ ಆಫೀಸಿನಲ್ಲಿ ಎರಡು ದಿನ ಬಿಸಿಲಿಗೆ ಕೂತಿತ್ತು. ಐಸ್ ಪ್ಯಾಕ್ ನೀರಾಗಿತ್ತು. ದುಡ್ಡು ಕೊಟ್ಟಿದ್ದೀವಲ್ಲ ಅಂತ ಅದನ್ನೇ ಬಳಸಿದೆ. ಹೆಚ್ಚಿನ ಸ್ಟ್ಯಾಂಡರ್ಡುಗಳು ಚೆನ್ನಾಗೇ ಬಂದವು. ಕಡಿಮೆಯವು ಸತ್ತುಹೋಗಿದ್ದವು. ನಮಗೆ ಬೇಕಾಗಿರುವುದು ಆ ಕಡಿಮೆಯ ಭಾಗವೇ. ಅಲ್ಲಿಂದ ಈಚೆಗೆ 15ರ ಆಸುಪಾಸಿನ ಒಂದು ಕಂಟ್ರೋಲ್ ಇಲ್ಲದೆ ನಾನು ಪ್ಲೇಟ್ ಓಡಿಸಿಲ್ಲ. ಕಿಟ್ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಫ್ರೀಜರ್ ಗೋಡೆಗೆ ತಾಗಿಸಿಯೂ ಬೇಡ. ಹೆಪ್ಪುಗಟ್ಟಿದರೂ ಕಾಂಜುಗೇಟ್ (ಕಿಣ್ವ ಅಂಟಿಸಿದ ಆ ಎರಡನೇ ಆಂಟಿಬಾಡಿ) ಕೆಡುತ್ತದೆ. ಕರೆಂಟು ಹೋದ ರಾತ್ರಿ ಎಷ್ಟು ಡಿಗ್ರಿಗೆ ಏರಿತ್ತು ಅಂತ ತೋರಿಸುವ ಥರ್ಮಾಮೀಟರ್ ಒಂದು ಒಳಗೆ ಇರಲಿ.

ಇನ್ನೊಂದು ಸಲ ಪ್ಲೇಟ್ ಪೂರ್ತಿ ಬಣ್ಣವೇ ಬರಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡೆ. ಪ್ಲೇಟ್ ತೊಳೆಯುವ ದ್ರವ, ಅಂದ್ರೆ ವಾಶ್ ಬಫರ್, ಕೆಡಬಾರದು ಅಂತ ನಾನೇ ಅದಕ್ಕೆ ಸೋಡಿಯಂ ಅಜೈಡ್ ಹಾಕಿಟ್ಟಿದ್ದೆ. ಕಾಂಜುಗೇಟಿನ ಪೆರಾಕ್ಸಿಡೇಸ್ ಕಿಣ್ವಕ್ಕೆ ಅಜೈಡ್ ವಿಷ. ಅದೇ ರೀತಿ ಬೋರ್‌ವೆಲ್ ನೀರಿನಲ್ಲಿ ವಾಶ್ ಬಫರ್ ಕಲಸಬೇಡಿ. ನಮ್ಮ ಕಡೆಯ ನೀರು ಎಷ್ಟು ಗಡುಸು ಅಂತ ನಿಮ್ಮ ಮನೆಯ ಗೀಸರ್ ಹೇಳುತ್ತದೆ. ಬ್ಲೀಚಿಂಗ್ ಪೌಡರ್ ಸೋಕಿದ ಪಾತ್ರೆಗೆ ಸಬ್‌ಸ್ಟ್ರೇಟ್ ಹಾಕಿದರೆ ಅದು ರಕ್ತವಿಲ್ಲದೆಯೇ ನೀಲಿಯಾಗುತ್ತದೆ. ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು.

ಡೆಂಗ್ಯೂ ಕಾಲದಲ್ಲಿ ಇನ್ನೊಂದು ಹುಷಾರು. ತೀವ್ರ ಡೆಂಗ್ಯೂನಲ್ಲಿ ಫೆರಿಟಿನ್ ಸಾವಿರಗಳಲ್ಲಿ ಹೋಗುತ್ತದೆ. ಸೀರಮ್ ಮತ್ತು ಕಾಂಜುಗೇಟ್ ಎರಡನ್ನೂ ಒಟ್ಟಿಗೆ ಹಾಕುವ ಕಿಟ್ ಆದರೆ, ಅಷ್ಟೊಂದು ಫೆರಿಟಿನ್ ಇದ್ದಾಗ ಕೆಳಗಿನ ಆಂಟಿಬಾಡಿಗೆ ಒಂದು ಚೆಂಡು, ಮೇಲಿನದಕ್ಕೆ ಇನ್ನೊಂದು ಚೆಂಡು ಸಿಕ್ಕಿಬಿಡುತ್ತದೆ. ಎರಡೂ ಒಂದೇ ಚೆಂಡನ್ನು ಹಿಡಿಯುವುದೇ ಇಲ್ಲ. ತೊಳೆದಾಗ ಮೇಲಿನದು ಹೊರಟುಹೋಗುತ್ತದೆ, ಅಂಕಿ ಕಡಿಮೆ ತೋರಿಸುತ್ತದೆ. ಇದಕ್ಕೆ ಹುಕ್ ಇಫೆಕ್ಟ್ ಅಂತಾರೆ. ಒಬ್ಬ ಹುಡುಗನ ಸೀರಮ್ ನನಗೆ ಮೊದಲು 400 ಅಂತ ತೋರಿಸಿತು. ಡಾಕ್ಟರು ನಂಬಲಿಲ್ಲ. ನೂರು ಪಟ್ಟು ತೆಳುಮಾಡಿ ಹಾಕಿದೆ, 9,000 ದಾಟಿತು. ರೋಗಿಯ ಸ್ಥಿತಿಗೂ ಅಂಕಿಗೂ ತಾಳೆಯಾಗದಿದ್ದರೆ ತೆಳುಮಾಡಿ ಮತ್ತೊಮ್ಮೆ ನೋಡಿ.

ಇನ್ನು, ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಈಗ ಜಾಸ್ತಿ. ಕೆಲವು ಕಿಟ್‌ಗಳು ಬಯೋಟಿನ್, ಸ್ಟ್ರೆಪ್ಟಾವಿಡಿನ್ ಜೋಡಿಯ ಮೇಲೆ ನಡೆಯುತ್ತವೆ. ದೊಡ್ಡ ಡೋಸ್ ನುಂಗಿದವರ ರಕ್ತದ ಬಯೋಟಿನ್ ಆ ಜಾಗವನ್ನು ತಾನೇ ಹಿಡಿದುಕೊಂಡು ಫೆರಿಟಿನ್ ಕಡಿಮೆ ತೋರಿಸಬಹುದು. ಇನ್ನು ಕೆಲವರ ಮೈಯಲ್ಲಿ ಇಲಿಯ ಆಂಟಿಬಾಡಿಗೇ ಎದುರು ಆಂಟಿಬಾಡಿ ಇರುತ್ತದೆ. ಅದು ಕೆಳಗಿನದನ್ನೂ ಮೇಲಿನದನ್ನೂ ಸೇತುವೆಯಂತೆ ಸೇರಿಸಿ, ಫೆರಿಟಿನ್ ಇಲ್ಲದೆಯೂ ಬಣ್ಣ ತರುತ್ತದೆ. ಅಪರೂಪ, ಆದರೆ ಇದೆ. ಡ್ರಿಪ್‌ನಲ್ಲಿ ಕಬ್ಬಿಣ ಹಾಕಿಸಿಕೊಂಡವರಿಗೆ ಕೆಲವು ವಾರ ಫೆರಿಟಿನ್ ತುಂಬಾ ಮೇಲೇ ಇರುತ್ತದೆ, ಅದನ್ನು ಕೇಳಿ ರಿಕ್ವೆಸ್ಟ್ ಫಾರ್ಮಿನಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಒಂದು ಮಾತ್ರೆ ನುಂಗಿ ಬಂದರೆ ಫೆರಿಟಿನ್‌ಗೆ ಅಷ್ಟೇನೂ ಆಗಲ್ಲ.

ಆ ತಾಯಿಗೆ ಹೀಗೆ ಹೇಳಿ. ಇವತ್ತಿನ 22ನ್ನು ಇಟ್ಟುಕೊಳ್ಳಲಿ, ಸಿ.ಆರ್.ಪಿ. ಮಾಡಿಸಿ ಎರಡನ್ನೂ ಡಾಕ್ಟರಿಗೆ ತೋರಿಸಲಿ. ಮಾತ್ರೆ ಶುರುವಾದರೆ, ಮೂರು ತಿಂಗಳಿಗೆ ಮತ್ತೆ ನೋಡುವಾಗ ಅದೇ ಲ್ಯಾಬಿನಲ್ಲಿ, ಅದೇ ಕಿಟ್‌ನಲ್ಲಿ ನೋಡಲಿ. ನಿಮ್ಮಲ್ಲೇ ಆಗಲಿ, ಬೆಂಗಳೂರಿನಲ್ಲೇ ಆಗಲಿ, ಒಂದೇ ಕಡೆ. ರಿಪೋರ್ಟಿನಲ್ಲಿ ಅಂಕಿಯ ಪಕ್ಕ ವಿಧಾನವನ್ನೂ ಬರೆಯಿರಿ, ಎಲೈಸಾ ಅಂತ. ಮುಂದಿನ ಸಲ ಬೇರೆ ಲ್ಯಾಬಿನ ಕಾಗದ ಪಕ್ಕಕ್ಕಿಟ್ಟು ನೋಡುವ ಡಾಕ್ಟರಿಗೆ ಅಲ್ಲೇ ಅರ್ಥವಾಗುತ್ತದೆ.

ಕಿಟ್ ಪೆಟ್ಟಿಗೆಯ ಕಾಗದ ಬಿಸಾಡಬೇಡಿ. ಅದರಲ್ಲಿ ಸ್ಟ್ಯಾಂಡರ್ಡ್ ಯಾವುದಕ್ಕೆ ಹೊಂದಿಸಿದೆ ಅನ್ನೋ ಸಾಲು ಹುಡುಕಿ ಅಡಿಗೆರೆ ಹಾಕಿ. ಬೆಂಗಳೂರಿನವರಿಗೂ ಒಂದು ಫೋನ್ ಮಾಡಿ ಅವರದ್ದು ಯಾವುದು ಅಂತ ಕೇಳಿ, ಹೇಳುತ್ತಾರೆ. ಎರಡೂ ಬೇರೆ ಅಂತ ಗೊತ್ತಾದರೆ ಆ ಕಾಗದವನ್ನೇ ಮನೆಯವರ ಮುಂದೆ ಇಡಿ.